ಮ್ಯಾನೇಜರು ನೀರಿಗೆ ಬಿಟ್ಟ ಮೀನು

೧೯೯೯ನೆಯ ಇಸವಿ. ನನಗಾಗ ನಲವತ್ತೆರಡು ವರ್ಷ. ಊರಿನ ಹೈಸ್ಕೂಲಿನಲ್ಲಿ ಮಕ್ಕಳಿಗೆ ಸಂಧಿ ಸಮಾಸಗಳನ್ನೂ ಇಂಗ್ಲಿಷಿನ ಕ್ರಿಯಾಪದಗಳನ್ನೂ ಕಲಿಸುವ ಕೆಲಸವನ್ನು ಬಿಟ್ಟು, ಕುವೈತಿನ ಸಬ್ಹಾನ್ ಕೈಗಾರಿಕಾ ಪ್ರದೇಶದಲ್ಲಿದ್ದ ಆಹಾರ ಆಮದು ಸಂಸ್ಥೆಯೊಂದಕ್ಕೆ ಪತ್ರವ್ಯವಹಾರದ ಗುಮಾಸ್ತನಾಗಿ ಸೇರಿದ್ದೆ. ಅಲ್ಲಿನ ಶೀತಲಗೃಹದ ಮ್ಯಾನೇಜರು ಕಳೆದ ತಿಂಗಳು ಉಡುಪಿಯಲ್ಲಿ ತೀರಿಕೊಂಡರೆಂಬ ಸುದ್ದಿ ಬಂದಾಗಿನಿಂದ, ಅವರ ಬಗ್ಗೆ ನಾಲ್ಕು ಮಾತು ಬರೆಯಬೇಕೆಂದು ಕುಳಿತು ಕುಳಿತು ಏಳುತ್ತಿದ್ದೇನೆ. ಹೆಸರನ್ನು ಬರೆಯುವುದಿಲ್ಲ. ತಮ್ಮ ಕೋಣೆಯ ಬಾಗಿಲಿಗೆ ನಾಮಫಲಕ ಹಾಕಿಸಲೂ ಒಪ್ಪದಿದ್ದ ಮನುಷ್ಯ ಅವರು. ನಾವೆಲ್ಲ ‘ಮ್ಯಾನೇಜರು’ ಎಂದೇ ಕರೆಯುತ್ತಿದ್ದೆವು. ಮಾಲೀಕರು ಅದನ್ನೇ ಅರಬಿಯಲ್ಲಿ ‘ಮುದೀರ್’ ಎನ್ನುತ್ತಿದ್ದರು.

ನಾನು ಅವರನ್ನು ಮೊದಲು ಕಂಡದ್ದು ಶೀತಲಗೃಹದ ದಪ್ಪ ಬಾಗಿಲಿನ ಎದುರು. ಹೊರಗೆ ಡಾಂಬರು ಕರಗುವ ಬಿಸಿಲು. ಬಾಗಿಲು ತೆರೆದು, ಬಿಳಿಯ ಆವಿಯ ನಡುವಿನಿಂದ, ದಪ್ಪ ಕೋಟಿನ ಒಳಗೆ ಅಚ್ಚುಕಟ್ಟಾಗಿ ಟೈ ಕಟ್ಟಿದ್ದ ಎತ್ತರದ ಮನುಷ್ಯರೊಬ್ಬರು ಹೊರಬಂದರು. ಮೀಸೆಯ ಮೇಲೆ ಹಿಮದ ಪುಡಿ. ನನ್ನ ಕೈ ಕುಲುಕುವ ಮೊದಲು ತಮ್ಮ ಎರಡೂ ಕೈಗಳನ್ನು ಚೆನ್ನಾಗಿ ಉಜ್ಜಿ ಬಿಸಿ ಮಾಡಿಕೊಂಡರು.

“ಮಾಸ್ಟ್ರಾಗಿದ್ರಂತೆ? ಒಳ್ಳೇದಾಯ್ತು ಮಾರಾಯ್ರೆ. ಇಲ್ಲಿ ಒಬ್ಬನಿಗೂ ಒಂದು ಪೂರ್ತಿ ವಾಕ್ಯ ಬರುದಿಲ್ಲ. ಯಲ್ಲಾ ಅಂತ ಶುರು ಮಾಡ್ತಾರೆ, ಖಲಾಸ್ ಅಂತ ಮುಗಿಸ್ತಾರೆ. ನಡುವಿನದ್ದು ನಾವೇ ತುಂಬಿಸ್ಕೊಳ್ಬೇಕು.”

ಆ ಒಂದು ಮಾತಿಗೇ ನಾನು ಅವರವನಾದೆ.

ಅವರನ್ನು ಎಲ್ಲರೂ ಇಷ್ಟಪಡುತ್ತಿದ್ದರೆಂದು ಹೇಳಲಾರೆ. ಮೀನುಗಾರಿಕೆ ವಿಜ್ಞಾನದಲ್ಲಿ ಪದವಿ ಪಡೆದವರು, ಅದನ್ನು ಮರೆಯದವರು, ಇತರರಿಗೂ ಮರೆಯಲು ಬಿಡದವರು. ಕೆಲಸದವರು ಪೇರಿಸಿಟ್ಟ ಪೆಟ್ಟಿಗೆಗಳನ್ನು ಸುಮ್ಮನೆ ಅನುಮಾನ ಬಂದರೂ ಕೆಳಗಿಳಿಸಿ ಬಿಚ್ಚಿಸುತ್ತಿದ್ದರು. ಒಮ್ಮೆ ಹಡಗಿನಿಂದ ಬಂದ ಸರಕನ್ನು ಇಡಿಯಾಗಿ ಹಿಂದಿರುಗಿಸಿ ಮಾಲೀಕರಿಂದ ಬೈಸಿಕೊಂಡಿದ್ದರು. “ಕಣ್ಣಲ್ಲಿ ನೋಡದ್ದಕ್ಕೆ ನಾನು ಸಹಿ ಹಾಕುದಿಲ್ಲ” ಎಂಬುದು ಅವರ ಬಾಯಲ್ಲಿ ದಿನಕ್ಕೊಮ್ಮೆಯಾದರೂ ಬರುತ್ತಿದ್ದ ಮಾತು.

ನಾರ್ವೆಯಿಂದ ಸಾಲ್ಮನ್ ಮೀನಿನ ಪೆಟ್ಟಿಗೆಗಳು ಬಂದ ದಿನ ಮಾತ್ರ ಅವರ ರೀತಿ ಬೇರೆ. ಒಂದು ಪೆಟ್ಟಿಗೆಯನ್ನು ತಾವೇ ತೆರೆದು, ಹೆಪ್ಪುಗಟ್ಟಿದ ಆ ದೊಡ್ಡ ಮೀನಿನ ಪಕ್ಕೆಯ ಮೇಲೆ ಬೆರಳಾಡಿಸುತ್ತ ನಿಲ್ಲುತ್ತಿದ್ದರು. “ಇಷ್ಟು ವರ್ಷ ಇದರ ಹೆಣ ಹೊತ್ತದ್ದೇ ಆಯ್ತು ಮಾಸ್ಟ್ರೇ. ಒಂದನ್ನಾದ್ರೂ ಜೀವ ಇರುವಾಗ ನೋಡ್ಬೇಕು. ಸಮುದ್ರದಿಂದ ಅದೇ ಹಳೇ ನದಿಗೆ ಹತ್ತಿ ಬರ್ತದಂತೆ, ಮೊಟ್ಟೆ ಇಡ್ಲಿಕ್ಕೆ. ಅದು ಹಾರುದನ್ನು ನೋಡ್ಬೇಕು.”

ರಿಗ್ಗೈ ಎಂಬ ಬಡಾವಣೆಯಲ್ಲಿ ಅವರ ಮನೆಯ ಮೇಲಿನ ಮಹಡಿಯಲ್ಲೇ ನನ್ನ ಬಿಡಾರವಿತ್ತು. ರಜೆಯ ದಿನ ಅವರು ಗಾಳ ಹಿಡಿದು ಕಡಲ ಬದಿಗೆ ಹೋಗುತ್ತಿದ್ದರು. ಹೆಚ್ಚಾಗಿ ಬರಿಗೈಯಲ್ಲಿ ಬರುತ್ತಿದ್ದರು. ಸಿಗದೆ ಅಲ್ಲ, ಸಿಕ್ಕಿದ್ದನ್ನು ಬಿಟ್ಟು. ಸಣ್ಣದನ್ನು ಬಿಡುವರು, ಹೊಟ್ಟೆಯಲ್ಲಿ ಮೊಟ್ಟೆ ತುಂಬಿಕೊಂಡದ್ದನ್ನು ಬಿಡುವರು. ಮುಟ್ಟುವ ಮೊದಲು ಕೈಯನ್ನು ನೀರಿನಲ್ಲಿ ಅದ್ದುವರು. ಒಣಗಿದ ಕೈ ತಾಗಿದರೆ ಮೀನಿನ ಮೈಮೇಲಿನ ಲೋಳೆ ಕಿತ್ತು ಹೋಗಿ ಅದು ಆಮೇಲೆ ಬದುಕುವುದಿಲ್ಲವಂತೆ. ಮಾರುಕಟ್ಟೆಯಲ್ಲೂ ಹೀಗೆಯೇ. ಮೊಟ್ಟೆಯಿರುವ ಮೀನನ್ನು ಕೊಳ್ಳುತ್ತಿರಲಿಲ್ಲ. ಅವರ ಹೆಂಡತಿಗೆ ಇದೊಂದು ದೊಡ್ಡ ದೂರು.

“ನೀವೇ ಹೇಳಿ ಮಾಸ್ಟ್ರೇ, ಮೀನಿನ ಮೊಟ್ಟೆ ಫ್ರೈ ಮಾಡಿ ತಿನ್ನದೆ ಎಷ್ಟು ವರ್ಷ ಆಯ್ತು ನಾನು! ಇವರೊಟ್ಟಿಗೆ ಮಾರ್ಕೆಟಿಗೆ ಹೋದ್ರೆ ಕೊತ್ತಂಬ್ರಿ ಸೊಪ್ಪು ಹಿಡ್ಕೊಂಡು ವಾಪಸ್ ಬರುದು.”

“ನಿನ್ನಪ್ಪ ಮಳೆಗಾಲದಲ್ಲಿ ದೋಣಿ ಇಳಿಸ್ತಿದ್ರಾ?” ಎಂದು ಇವರು ಕೇಳುವರು.

“ಇಲ್ಲ.”

“ಯಾಕೆ?”

“ಗಾಳಿಗೆ!”

“ಗಾಳಿಗೆ ಮಾತ್ರ ಅಲ್ಲ. ಮೀನು ಬಸುರಿ ಇರ್ತದೆ ಅಂತ. ನಿನ್ನಪ್ಪನಿಗೆ ಗೊತ್ತಿತ್ತು, ನಿನಗೆ ಗೊತ್ತಿಲ್ಲ.”

“ನನ್ನಪ್ಪನನ್ನು ನೀವು ನೋಡಿದ್ದು ಮದುವೆ ದಿನ ಮಾತ್ರ” ಎಂದು ಆಕೆ ಒಳಗೆ ಹೋಗುವರು. ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ಸ್ವಲ್ಪ ಹೆಚ್ಚಾಗುತ್ತಿತ್ತು.

ಆ ವರ್ಷದ ಕೊನೆಗೆ ನಮ್ಮ ಮಾಲೀಕರು, ಎಂದರೆ ನಮ್ಮೆಲ್ಲರ ವೀಸಾಕ್ಕೆ ಹೊಣೆಯಾದ ಕಫೀಲರು, ಯಾರದೋ ದಿವಾನಿಯಾದಲ್ಲಿ, ಗಂಡಸರು ಸಂಜೆ ಸೇರುವ ಆ ಬೈಠಕ್ಕಿನಲ್ಲಿ, ಒಂದು ಛಾಯಾಚಿತ್ರವನ್ನು ನೋಡಿ ಬಂದರು. ಸ್ನೇಹಿತರೊಬ್ಬರು ಯುರೋಪಿನ ನದಿಯೊಂದರಲ್ಲಿ ನಿಂತು, ಮಗುವಿನಷ್ಟು ಉದ್ದದ ಸಾಲ್ಮನ್ ಮೀನನ್ನು ಎದೆಗವಚಿಕೊಂಡಿದ್ದರಂತೆ. ಮರುದಿನವೇ ಮ್ಯಾನೇಜರನ್ನು ಕರೆದರು. ಕಾಗದ ಬರೆಯಲು ನನ್ನನ್ನೂ ಕರೆದರು. ಅರಬಿ, ಇಂಗ್ಲಿಷ್, ಹಿಂದಿ ಮೂರನ್ನೂ ಕಲಸಿ ಆಡುತ್ತಿದ್ದ ಅವರ ಮಾತನ್ನು ಇಲ್ಲಿ ಕನ್ನಡದಲ್ಲೇ ಕೊಡುತ್ತೇನೆ.

“ಯಾ ಮುದೀರ್, ಬೇಸಿಗೆಯಲ್ಲಿ ನಾನೂ ಹೋಗಬೇಕು. ನೀನು ಏರ್ಪಾಡು ಮಾಡು. ನೀನೂ ಜೊತೆಗೆ ಬಾ. ಎಷ್ಟು ಪೆಟ್ಟಿಗೆ ತರಬಹುದು?”

“ಪೆಟ್ಟಿಗೆ ಬೇಕಾದರೆ ಒಳಗೇ ಇವೆ, ಬು ಸಾಲೆಮ್” ಎಂದರು ಮ್ಯಾನೇಜರು. ಹಿರಿಯ ಮಗನ ಹೆಸರು ಹಿಡಿದು ಹಾಗೆ ಕರೆಯುವುದು ಅಲ್ಲಿನ ಮರ್ಯಾದೆ. “ನದಿಗೆ ಹೋಗುವುದು ಪೆಟ್ಟಿಗೆಗಾಗಿ ಅಲ್ಲ.”

ಮಾಲೀಕರು ನಕ್ಕರು. ನಗದೆ ಇದ್ದಿದ್ದರೆ ಮುಂದಿನದು ಯಾವುದೂ ನಡೆಯುತ್ತಿರಲಿಲ್ಲವೇನೋ.

ಚಳಿಗಾಲವಿಡೀ ಫ್ಯಾಕ್ಸ್ ಯಂತ್ರದ ಎದುರು ನನ್ನ ಕೆಲಸ ಹೆಚ್ಚಿತು. ಎರಡು ನದಿಗಳು ಕೊನೆಗೆ ಉಳಿದವು. ಒಂದರಲ್ಲಿ, ಹಿಡಿದವನು ಎಷ್ಟು ಹಿಡಿದನೆಂದು ಕೇಳುವವರಿರಲಿಲ್ಲ. ಇನ್ನೊಂದರಲ್ಲಿ ನಿಯಮಗಳ ಮೇಲೆ ನಿಯಮ: ಗಾಳದ ಮುಳ್ಳಿಗೆ ಹಿಮ್ಮುಳ್ಳು ಇರಕೂಡದು, ಬೇರೆ ನೀರಿನ ರೋಗ ಬಾರದಂತೆ ಸಲಕರಣೆಗಳನ್ನೆಲ್ಲ ಔಷಧದಲ್ಲಿ ತೊಳೆಯಬೇಕು, ದೊಡ್ಡ ಹೆಣ್ಣು ಮೀನನ್ನು ನೀರಿನಿಂದ ಪೂರ್ತಿ ಎತ್ತದೆಯೇ ಬಿಟ್ಟುಬಿಡಬೇಕು. ಮ್ಯಾನೇಜರು ನಾರ್ವೆಯಲ್ಲಿದ್ದ ಆ ಎರಡನೆಯದನ್ನೇ ಆರಿಸಿದರು. ಜುಲೈ ತಿಂಗಳ ಒಂದು ವಾರ, ಇಬ್ಬರಿಗೆ ಜಾಗ ನಿಶ್ಚಯವಾಯಿತು. ನಿಯಮಗಳನ್ನು ನಾನು ಮಾಲೀಕರ ಎದುರು ಓದಿ ಹೇಳಿದೆ. “ತಮಾಮ್, ತಮಾಮ್” ಎಂದು ಒಪ್ಪಿ ಅವರು ಮ್ಯಾನೇಜರ ಕೈಗೆ ಕೈ ಹೊಡೆದರು.

ಆದರೆ ನಮ್ಮ ಮ್ಯಾನೇಜರಿಗೆ ಅಷ್ಟು ಸಾಲದು. “ನದಿಗೆ ಹೋಗಿ ಕಲಿಯುದಲ್ಲ ಮಾಸ್ಟ್ರೇ. ಇಲ್ಲೇ ಕಲ್ತು ಹೋಗುದು. ಆ ಜನ ಎದುರು ನಿಂತ್ಕೊಂಡು ನೋಡುವಾಗ ಇವರು ಮೀನನ್ನು ಕಲ್ಲಿನ ಮೇಲೆ ಬಡಿದ್ರೆ ಎಂಥ ಮಾಡುದು?”

ಹಾಗಾಗಿ ಅಭ್ಯಾಸಕ್ಕೆಂದು ಒಂದು ದಿನ ಗೊತ್ತಾಯಿತು. ನಮ್ಮ ಕರಾವಳಿಯವರು ರಾವಸ ಎನ್ನುವ ಮೀನಿಗೆ ಕುವೈತಿನಲ್ಲಿ ಶೀಮ್ ಎನ್ನುತ್ತಾರೆ. ಹೋಟೆಲಿನವರು ಇಂಡಿಯನ್ ಸಾಲ್ಮನ್ ಎಂದು ಬರೆಯುತ್ತಾರೆ. ನಿಜವಾದ ಸಾಲ್ಮನ್ನಿಗೂ ಅದಕ್ಕೂ ಯಾವ ನಂಟೂ ಇಲ್ಲ. ಆದರೂ ಗಾಳಕ್ಕೆ ಸಿಕ್ಕರೆ ಜೋರಾಗಿ ಎಳೆದಾಡುತ್ತದೆ, ಕಲಿಯಲು ಸಾಕು. ಆ ಮೀನು ಚಿಕ್ಕದಿರುವಾಗ ಗಂಡಾಗಿದ್ದು ಬೆಳೆದ ಮೇಲೆ ಹೆಣ್ಣಾಗುತ್ತದೆಂದು ಮ್ಯಾನೇಜರು ಹೇಳಿದಾಗ ನಾನು ನಂಬದೆ ಎರಡು ಸಲ ಕೇಳಿದೆ. “ಲಿಂಗ ಬದಲಾಗ್ಬಾರ್ದು ಅಂತ ನಿಮ್ಮ ವ್ಯಾಕರಣದಲ್ಲಿ ಇರ್ಬಹುದು. ಮೀನಿಗೆ ಪಾಪ ಯಾರೂ ಹೇಳ್ಲಿಲ್ಲ” ಎಂದರು. ದೊಡ್ಡದೆಲ್ಲ ಹೆಣ್ಣು, ಆದ್ದರಿಂದ ದೊಡ್ಡದೆಲ್ಲ ನೀರಿಗೆ. ಇದು ಅವರ ನಿಯಮ. ಮಾಲೀಕರು ಇದಕ್ಕೂ ‘ತಮಾಮ್’ ಎಂದಿದ್ದರು.

ಆ ದಿನಗಳಲ್ಲಿಯೇ ಇನ್ನೊಂದು ವಿಷಯವಿತ್ತು. ಮ್ಯಾನೇಜರ ಇಕಾಮಾ, ಅಂದರೆ ಆ ದೇಶದಲ್ಲಿ ಇರಲು ಇರುವ ಪರವಾನಗಿ, ಏಪ್ರಿಲ್ ಮೂರನೆಯ ವಾರಕ್ಕೆ ಮುಗಿಯುವುದಿತ್ತು. ಮಾಲೀಕರ ಸಹಿ ಬಿದ್ದರೆ ಮುಂದುವರಿಯುವುದು. ಬೀಳದಿದ್ದರೆ ಸಂಸಾರ ಸಮೇತ ಹೊರಡಬೇಕು. ಮಗಳು ಅಬ್ಬಾಸಿಯಾದ ಭಾರತೀಯ ಶಾಲೆಯೊಂದರಲ್ಲಿ ಹನ್ನೆರಡನೆಯ ತರಗತಿಗೆ ಕಾಲಿಡುತ್ತಿದ್ದಳು. ಆ ಹೊತ್ತಿನಲ್ಲಿ ಎಬ್ಬಿಸಿಕೊಂಡು ಹೋದರೆ ಊರಿನಲ್ಲಿ ಸೇರಿಸಿಕೊಳ್ಳುವ ಕಾಲೇಜು ಸಿಗುವುದು ಕಷ್ಟ. ಒಂದು ವರ್ಷ ಹೋದಂತೆಯೇ. ಆದರೆ ಪ್ರತಿಸಲವೂ ಆಗುವ ಸಹಿ ಈ ಸಲವೂ ಆಗುವುದೆಂದು ಎಲ್ಲರೂ ನೆಮ್ಮದಿಯಲ್ಲಿದ್ದೆವು.

ಬಕ್ರೀದ್ ಕಳೆದ ಮರುವಾರದ ಗುರುವಾರ ಬೆಳಿಗ್ಗೆ ದೋಣಿ ಹೊರಟಿತು. ಮಾಲೀಕರು, ಮ್ಯಾನೇಜರು, ನಿಯಮ ಓದಿ ಹೇಳಲು ನಾನು, ದೋಣಿ ನಡೆಸಲು ನಮ್ಮ ಸಂಸ್ಥೆಯ ಮಂದೂಬ್. ಸರಕಾರಿ ಕಚೇರಿಗಳಿಗೆ ಅಲೆದು ಎಲ್ಲರ ಇಕಾಮಾ ಮಾಡಿಸಿಕೊಡುವವನನ್ನು ಅಲ್ಲಿ ಮಂದೂಬ್ ಎನ್ನುತ್ತಾರೆ; ನಮ್ಮವನು ಉಳ್ಳಾಲದ ಕಡೆಯ ಬ್ಯಾರಿ, ಅರಬಿಯನ್ನು ಅರಬರ ಹಾಗೆಯೇ ಮಾತಾಡುತ್ತಿದ್ದ. ಐದನೆಯವರಾಗಿ, ಹೇಳದೆ ಬಂದ ಅತಿಥಿಯೊಬ್ಬರಿದ್ದರು: ಮಾಲೀಕರ ಚಿಕ್ಕಪ್ಪ. ತುಂಬ ವಯಸ್ಸಾದವರು, ಕೋಲು ಹಿಡಿದವರು. ಅವರನ್ನು ದೋಣಿಗೆ ಹತ್ತಿಸುವಾಗ ಮಾಲೀಕರು ಅವರ ಕೈ ಹಿಡಿದು, “ವಲ್ಲಾಹಿ, ಇವತ್ತಿನ ಮೊದಲ ಮೀನು ನಿಮ್ಮ ಮಧ್ಯಾಹ್ನದ ತಟ್ಟೆಗೆ” ಎಂದರು.

ಇದನ್ನು ಮ್ಯಾನೇಜರೂ ಕೇಳಿದರು, ನಾನೂ ಕೇಳಿದೆ. ವಲ್ಲಾಹಿ ಎಂದರೆ ದೇವರ ಮೇಲಿನ ಆಣೆಯೆಂದು ನಮಗಿಬ್ಬರಿಗೂ ಗೊತ್ತಿತ್ತು. ಆದರೆ ಕಚೇರಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಕಿವಿಗೆ ಬೀಳುವ ಮಾತದು. ವಲ್ಲಾಹಿ ನಾಳೆ ಬರುತ್ತೇನೆ, ವಲ್ಲಾಹಿ ಚಹಾ ಚೆನ್ನಾಗಿದೆ. ‘ಬನ್ನಿ, ಊಟ ಮಾಡಿಕೊಂಡೇ ಹೋಗಿ’ ಎಂದು ನಾವು ಬಾಗಿಲಲ್ಲಿ ನಿಂತು ಹೇಳುವ ಹಾಗೆ, ಇದೂ ಒಂದು ಸೌಜನ್ಯವೆಂದು ಬಿಟ್ಟೆವು.

ಸಮುದ್ರ ಶಾಂತವಾಗಿತ್ತು. ಬಹಳ ಹೊತ್ತು ಏನೂ ಸಿಗಲಿಲ್ಲ. ಆಮೇಲೆ ಮಾಲೀಕರ ಗಾಳದ ಕೋಲು ಒಮ್ಮೆಲೇ ಬಾಗಿತು. ಎಳೆತ, ಬಿಡುವಿಕೆ, ಮತ್ತೆ ಎಳೆತ. ಮ್ಯಾನೇಜರು ಪಕ್ಕದಲ್ಲಿ ನಿಂತು “ಸ್ವಲ್ಪ ಬಿಡಿ, ಈಗ ಎಳೆಯಿರಿ, ಒತ್ತಾಯ ಬೇಡ” ಎನ್ನುತ್ತಿದ್ದರು. ಮಾಲೀಕರು ಬೆವರುತ್ತ, ಮಗುವಿನಂತೆ ನಗುತ್ತ, ಹೇಳಿದ ಹಾಗೆಯೇ ಮಾಡುತ್ತಿದ್ದರು. ಆ ಇಬ್ಬರು ಅಷ್ಟು ಸ್ನೇಹದಿಂದ ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮೀನು ದೋಣಿಯ ಪಕ್ಕಕ್ಕೆ ಬಂತು. ಬೆಳ್ಳಿಯ ಬಣ್ಣ, ತೋಳಿನಷ್ಟು ಉದ್ದ, ಹೊಟ್ಟೆ ತುಂಬಿತ್ತು. ಮ್ಯಾನೇಜರು ಮೊಣಕಾಲೂರಿ, ತೋಳು ಮಡಚಿ, ಎರಡೂ ಕೈಗಳನ್ನು ನೀರಿನಲ್ಲಿ ಅದ್ದಿ, ಅದನ್ನು ಕೆಳಗಿನಿಂದ ಆಧರಿಸಿ ಹಿಡಿದರು. ಮುಳ್ಳು ಸುಲಭವಾಗಿ ಕಳಚಿಕೊಂಡಿತು.

“ಮೇಲೆ ತಾ” ಎಂದರು ಮಾಲೀಕರು.

“ಹೆಣ್ಣು, ಬು ಸಾಲೆಮ್. ತುಂಬಿಕೊಂಡಿದೆ.”

“ಲಾ, ಲಾ! ಇದೊಂದನ್ನು ಬಿಡಬೇಡ. ಇದೊಂದನ್ನು ಮೇಲೆ ತಾ. ಮುಂದಿನದರಿಂದ ನಿನ್ನ ನಿಯಮ.”

“ಮುಂದಿನದರಿಂದ ಅಂತ ನಾವು ಮಾತಾಡಿರಲಿಲ್ಲ” ಎಂದರು ಮ್ಯಾನೇಜರು. ದನಿಯಲ್ಲಿ ಸಿಟ್ಟಿರಲಿಲ್ಲ, ಪೆಟ್ಟಿಗೆ ಬಿಚ್ಚಿಸುವಾಗ ಇರುತ್ತಿದ್ದ ದನಿ. ಮೀನಿನ ತಲೆಯನ್ನು ನೀರು ಹರಿದುಬರುವ ಕಡೆಗೆ ತಿರುಗಿಸಿ, ಅದರ ಕಿವಿರು ಎರಡು ಸಲ ಅರಳುವುದನ್ನು ನೋಡಿ, ಕೈ ಸಡಿಲಿಸಿದರು. ಅದು ಒಮ್ಮೆ ಬಾಲ ಬಡಿದು ಹೋಯಿತು.

ಚಿಕ್ಕಪ್ಪ ನೀರನ್ನೇ ನೋಡುತ್ತಿದ್ದರು. ಮಾಲೀಕರ ಮುಖದ ಬೆವರು ಹಾಗೇ ಇತ್ತು, ನಗು ಇರಲಿಲ್ಲ. ಅವರು ಗಾಳದ ದಾರವನ್ನು ನಿಧಾನವಾಗಿ ಸುತ್ತಿಟ್ಟು ಮಂದೂಬ್‌ಗೆ ಒಂದೇ ಮಾತು ಹೇಳಿದರು: “ತಿರುಗಿಸು.”

ದಡ ಸೇರಿ ಅವರ ಕಾರು ಹೋದ ಮೇಲೆ ಮಂದೂಬ್ ತಲೆಗೆ ಕೈ ಹಚ್ಚಿ ಕುಳಿತ.

“ಎಂತ ಮಾಡಿದ್ರಿ ಸಾರ್ ನೀವು!”

“ಮೊದಲೇ ಒಪ್ಪಿಕೊಂಡದ್ದನ್ನು ಮಾಡಿದೆ.”

“ಅದು ಬಾಯಿಗೆ ಬಂದ ವಲ್ಲಾಹಿ ಅಲ್ಲ ಸಾರ್! ಅಪ್ಪನ ತಮ್ಮನ ಕೈ ಹಿಡ್ದು ಹೇಳಿದ್ದು. ಅಪ್ಪ ಸತ್ತ ಮೇಲೆ ಇವರನ್ನು ಸಾಕಿದ್ದೇ ಆ ಚಿಕ್ಕಪ್ಪ. ಅವರ ಎದುರು ಆಣೆ ಮುರಿಸಿ ಹಾಕಿದ್ರಲ್ಲ ನೀವು!”

ಮ್ಯಾನೇಜರ ಅಂಗಿಯ ತೋಳು ಇನ್ನೂ ಮಡಚಿಕೊಂಡೇ ಇತ್ತು. ಅವರು ಅದನ್ನು ಇಳಿಸಿಕೊಳ್ಳದೆ ಹಾಗೇ ನಿಂತಿದ್ದರು. ಏನನ್ನಾದರೂ ತಿಳಿಯದೆ ಮಾಡಿದೆನೆಂದು ಒಪ್ಪುವುದು ಆ ಮನುಷ್ಯನಿಗೆ ಎಷ್ಟು ಕಷ್ಟವೆಂಬುದು ನನಗೆ ತಿಳಿದಿತ್ತು.

ಮುಂದಿನ ದಿನಗಳಲ್ಲಿ ಮಾಲೀಕರು ಕಚೇರಿಗೆ ಬರುತ್ತಿದ್ದರು, ಮ್ಯಾನೇಜರ ಸಲಾಮಿಗೆ ಉತ್ತರವನ್ನೂ ಕೊಡುತ್ತಿದ್ದರು, ಮುಖ ನೋಡುತ್ತಿರಲಿಲ್ಲ. ಮಂದೂಬ್ ಇಕಾಮಾದ ಅರ್ಜಿಯನ್ನು ಮೇಜಿನ ಮೇಲೆ ಇಟ್ಟು ಬಂದ. ಅದು ಸಹಿಯಿಲ್ಲದೆ ಬದಿಗೆ ಸರಿಯಿತು. ಇನ್ನೊಮ್ಮೆ ಇಟ್ಟ, ಇನ್ನೊಮ್ಮೆ ಸರಿಯಿತು. “ಬೈದ್ರೆ ಬೇಕಿತ್ತು ಸಾರ್. ಬೈಯುದೂ ಇಲ್ಲ” ಎಂದ.

ರಿಗ್ಗೈಯ ಮನೆಯಲ್ಲಿ ಮಗಳು ಹೊಸ ಪುಸ್ತಕಗಳಿಗೆ ಹೊದಿಕೆ ಹಾಕುತ್ತಿದ್ದಳು. “ಡ್ಯಾಡ್, ಶುಡ್ ಐ ಈವನ್ ಕವರ್ ದೀಸ್?” ಎಂದು ಕೇಳಿದಳು. ಅವಳ ತಾಯಿ ಕೇಳಿಸಿಕೊಂಡು ಹೊರಗೆ ಬಂದರು.

“ಕೇಳಿದ್ರಾ? ಉತ್ತರ ಕೊಡಿ. ಒಂದು ಮೀನಿಗೋಸ್ಕರ ಮಗಳ ಒಂದು ವರ್ಷ ನೀರಿಗೆ ಹಾಕಿದ್ರಿ. ಹೋಗಿ ತಪ್ಪಾಯ್ತು ಅಂತ ಹೇಳಿದ್ರೆ ನಿಮ್ಮ ಗಂಟೇನು ಹೋಗ್ತದೆ?”

“ಯಾವುದಕ್ಕೆ ತಪ್ಪಾಯ್ತು ಅಂತ ಹೇಳ್ಲಿ?”

“ಎಲ್ಲದಕ್ಕೂ!”

“ಎಲ್ಲದಕ್ಕೂ ಅಂದ್ರೆ ಯಾವುದಕ್ಕೂ ಅಲ್ಲ.”

“ನೋಡಿ ಮಾಸ್ಟ್ರೇ, ಈಗಲೂ ತರ್ಕ!” ಎಂದು ಆಕೆ ನನ್ನ ಕಡೆ ತಿರುಗಿದರು. ನಾನು ನಡುವೆ ಬಾಯಿ ಹಾಕಿ, ಒಂದು ಮಾತಿನ ಕ್ಷಮೆಯಿಂದ ಯಾರ ಗೌರವವೂ ಕಡಿಮೆಯಾಗುವುದಿಲ್ಲ ಎಂದೆ. ಮ್ಯಾನೇಜರು ಕಿಟಕಿಯ ಕಡೆ ಮುಖ ಮಾಡಿ, “ಆಣೆ ನನ್ನ ಕೈಯಿಂದ ಮುರಿಯಿತು. ಅಷ್ಟಕ್ಕೆ ಕೇಳ್ತೇನೆ. ಮೀನು ಬಿಟ್ಟದ್ದಕ್ಕೆ ಕೇಳುದಿಲ್ಲ. ಮೀನಿಗೂ ಕೇಳು ಅಂತ ಅವರು ಹೇಳಿದ್ರೆ ಪೆಟ್ಟಿಗೆ ಕಟ್ಟುವ” ಎಂದರು. ಮಗಳು ಹೊದಿಕೆಯ ಕಾಗದವನ್ನು ಮಡಚಿಟ್ಟಳು.

ಮಾಲೀಕರ ದಿವಾನಿಯಾಕ್ಕೆ ನನ್ನನ್ನು ಜೊತೆಗೆ ಕರೆದೊಯ್ದರು. ಕುಳಿತುಕೊಳ್ಳಲು ಹೇಳಿದರೂ ಕುಳಿತುಕೊಳ್ಳಲಿಲ್ಲ.

“ಬು ಸಾಲೆಮ್, ನೀವು ನನಗೂ ಮಾತು ಕೊಟ್ಟಿದ್ದಿರಿ, ಚಿಕ್ಕಪ್ಪನಿಗೂ ಮಾತು ಕೊಟ್ಟಿದ್ದಿರಿ. ಅವರಿಗೆ ಕೊಟ್ಟದ್ದು ಆಣೆಯೆಂದು ನಾನು ತಿಳಿಯಲಿಲ್ಲ. ಬರೀ ಉಪಚಾರ ಅಂದುಕೊಂಡೆ. ಅದಕ್ಕೆ ಕ್ಷಮೆ ಕೇಳಲು ಬಂದಿದ್ದೇನೆ.”

“ತಿಳಿದಿದ್ದರೆ?” ಎಂದರು ಮಾಲೀಕರು.

‘ತಿಳಿದಿದ್ದರೆ ಬಿಡುತ್ತಿರಲಿಲ್ಲ’ ಎಂದರೆ ಮುಗಿಯಿತು, ಅಷ್ಟೇ ಸಾಕು, ಯಾರೂ ಅದನ್ನು ಪರೀಕ್ಷಿಸುವ ಹಾಗಿಲ್ಲ.

ಮ್ಯಾನೇಜರು ಯೋಚಿಸಿದರು. “ತಿಳಿದಿದ್ದರೆ, ದೋಣಿ ಹೊರಡುವ ಮೊದಲೇ ದಡದಲ್ಲಿ ನಿಮ್ಮನ್ನು ತಡೆದು ಕೇಳುತ್ತಿದ್ದೆ, ಯಾವ ಮಾತು ಉಳಿಸುತ್ತೀರಿ ಅಂತ. ಚಿಕ್ಕಪ್ಪನದು ಅಂದಿದ್ದರೆ ಇಳಿದು ಮನೆಗೆ ಹೋಗುತ್ತಿದ್ದೆ.”

ಮಾಲೀಕರು ಚಹಾದ ಲೋಟವನ್ನು ಕೆಳಗಿಟ್ಟರು. “ಆಣೆ ನನ್ನದು. ಅದನ್ನು ಸರಿಮಾಡುವುದೂ ನನ್ನ ಕೆಲಸ, ನಿನ್ನದಲ್ಲ. ಶುಕ್ರವಾರ ನಮಾಜ್ ಆದ ಮೇಲೆ ಸಬ್ಹಾನಿನ ಕೆಲಸಗಾರರ ಕ್ಯಾಂಪಿಗೆ ಬಾ” ಎಂದು ಎದ್ದು ಒಳಗೆ ಹೋದರು. ಇಕಾಮಾದ ಸುದ್ದಿಯೇ ಇಲ್ಲ.

ಹೊರಗೆ ಕಾದಿದ್ದ ಮಂದೂಬ್ ವಿವರಿಸಿದ: ಆಣೆ ಮುರಿದವರು ಪ್ರಾಯಶ್ಚಿತ್ತವಾಗಿ ಹತ್ತು ಮಂದಿ ಬಡವರಿಗೆ ಊಟ ಹಾಕಬೇಕು. “ಆದ್ರೆ ನಿಮ್ಮನ್ನು ಯಾಕೆ ಕರೆದ್ರು ಅಂತ ನನಗೂ ಗೊತ್ತಿಲ್ಲ ಸಾರ್. ಎಲ್ಲರ ಎದುರು ಹೇಳಿ ಕಳಿಸ್ಲಿಕ್ಕೂ ಇರ್ಬಹುದು.”

ಶುಕ್ರವಾರ ಕ್ಯಾಂಪಿನ ಉದ್ದನೆಯ ಕೋಣೆಯಲ್ಲಿ ಪ್ಲಾಸ್ಟಿಕ್ ಹಾಸಿನ ಸುತ್ತ ಹತ್ತು ಮಂದಿ ಕೆಲಸಗಾರರು ಕುಳಿತಿದ್ದರು, ಏತಕ್ಕೆ ಕರೆದರೆಂದು ತಿಳಿಯದೆ ಒಬ್ಬರನ್ನೊಬ್ಬರು ನೋಡುತ್ತ. ದೊಡ್ಡ ತಟ್ಟೆಗಳಲ್ಲಿ ಅನ್ನ, ಕುರಿಮಾಂಸ. ಮಾಲೀಕರು ತಾವೇ ನೀರಿನ ಬಾಟಲಿಗಳನ್ನು ಹಂಚಿದರು. ಮ್ಯಾನೇಜರಿಗೆ ಕಣ್ಣಿನಿಂದಲೇ ಅನ್ನದ ಪಾತ್ರೆಯನ್ನು ತೋರಿಸಿದರು. ಟೈ ಕಟ್ಟಿದ್ದ ನಮ್ಮ ಮ್ಯಾನೇಜರು ತೋಳು ಮಡಚಿ ಬಡಿಸಿದರು. ಅವರು ಪೆಟ್ಟಿಗೆ ಬಿಚ್ಚಿಸಿ ಗೋಳಾಡಿಸುತ್ತಿದ್ದವರಲ್ಲಿ ಇಬ್ಬರು ಅದೇ ಸಾಲಿನಲ್ಲಿದ್ದರು. ಅವರಲ್ಲೊಬ್ಬ “ಔರ್ ಥೋಡಾ, ಮುದೀರ್ ಸಾಬ್” ಎಂದು ಮತ್ತೆ ಮತ್ತೆ ಹಾಕಿಸಿಕೊಂಡ. ಮ್ಯಾನೇಜರು ಮರುಮಾತಿಲ್ಲದೆ ಹಾಕಿದರು.

ಊಟ ಮುಗಿದು, ಹಾಸು ಮಡಚಿದ ಮೇಲೆ ಮಾಲೀಕರು ಹೊರಗೆ ಬಂದು, ಕಾರಿನ ಬಾಗಿಲಿಗೆ ಕೈಯಿಟ್ಟು ನಿಂತರು.

“ನಾರ್ವೆ ಖಲಾಸ್. ನಿನ್ನ ಜೊತೆ ನಾನು ಇನ್ನು ನೀರಿನ ಹತ್ತಿರ ಹೋಗುವವನಲ್ಲ.”

“ಸರಿ” ಎಂದರು ಮ್ಯಾನೇಜರು.

“ಇಕಾಮಾಕ್ಕೆ ಬೆಳಿಗ್ಗೆಯೇ ಸಹಿ ಹಾಕಿದ್ದೇನೆ.” ಕಾರಿನೊಳಗೆ ಕುಳಿತು, ಗಾಜು ಇಳಿಸಿ, ಮ್ಯಾನೇಜರನ್ನಲ್ಲ, ನನ್ನನ್ನು ನೋಡಿ ಹೇಳಿದರು: “ಉಸ್ತಾದ್, ನಾನು ಎದುರಿಗೆ ನಿಂತಿರುವಾಗಲೇ ನನ್ನ ಮೀನನ್ನು ಬಿಟ್ಟವನು ಇವನು. ನಾನಿಲ್ಲದಾಗ ಕದಿಯಲಾರ. ಕೋಲ್ಡ್ ಸ್ಟೋರಿಗೆ ಇಂಥ ಇನ್ನೊಬ್ಬನನ್ನು ನಾನೆಲ್ಲಿ ಹುಡುಕಲಿ?”

ಕಾರು ಹೋಯಿತು. ಮ್ಯಾನೇಜರು ಅಲ್ಲೇ ಒಂದು ಮುರಿದ ಪೆಟ್ಟಿಗೆಯ ಮೇಲೆ ಕುಳಿತರು. ಮನೆಗೆ ಫೋನ್ ಮಾಡಿ ಅಂದೆ. ತಲೆಯಾಡಿಸಿದರು. ಆದರೆ ಅವರು ಆಡಿದ ಮಾತು ಹೆಂಡತಿಯ ಬಗ್ಗೆಯೂ ಅಲ್ಲ, ಮಗಳ ಬಗ್ಗೆಯೂ ಅಲ್ಲ.

“ಮಾಸ್ಟ್ರೇ, ನದಿಯವರಿಗೆ ಬೇಗ ತಿಳಿಸ್ಬೇಕು. ನಮ್ಮ ವಾರ ಸುಮ್ಮನೆ ಖಾಲಿ ಹೋಗ್ಬಾರ್ದು. ಯಾರಾದ್ರೂ ಆಸೆಯಲ್ಲಿ ಕಾಯ್ತಾ ಇರ್ತಾರೆ.”

ನಾನು ಬರೆದ ಪತ್ರದಲ್ಲಿ ಅವರು ಒಂದೇ ಒಂದು ವಾಕ್ಯವನ್ನು ಸೇರಿಸಿದರು: ದೊಡ್ಡ ಹೆಣ್ಣು ಮೀನುಗಳ ಬಗ್ಗೆ ನಿಮ್ಮ ನಿಯಮವನ್ನು ದಯವಿಟ್ಟು ಸಡಿಲಿಸಬೇಡಿ. ಸಾಲ್ಮನ್ ನದಿಗೆ ಹತ್ತುವುದನ್ನು ಅವರು ಕೊನೆಗೂ ನೋಡಲಿಲ್ಲ. ಆಮೇಲೆ ಕುವೈತಿನಲ್ಲಿ ಹಲವು ವರ್ಷ ದುಡಿದರು. ಪೆಟ್ಟಿಗೆಗಳು ಬಂದವು, ಹೋದವು. ಆ ನದಿಯ ಮಾತನ್ನು ನನ್ನೊಡನೆ ಮತ್ತೆ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಮಂದೂಬ್ ಇಕಾಮಾದ ಹೊಸ ಮುದ್ರೆ ಬಿದ್ದ ಪಾಸ್‌ಪೋರ್ಟನ್ನು ತಂದು ಅವರ ಕೈಗಿತ್ತದ್ದೂ, ನಾನು ಆ ಫ್ಯಾಕ್ಸನ್ನು ಕಳುಹಿಸಿದ್ದೂ ಒಂದೇ ದಿನ. ಸೋಮವಾರ, ೨೦೦೦ನೆಯ ಇಸವಿಯ ಏಪ್ರಿಲ್ ಹದಿನೇಳು.